ತಮ್ಮನ ಮೇಲೊಂದು ಕಣ್ಣು

ಜೂನ್ 2, ಬರೆದದ್ದು

ಭಾವನವರಿಗೆ ವಂದನೆಗಳು.

ನಿಮ್ಮ ತಮ್ಮ ನಿಮ್ಮ ಮನೆ ಸೇರಿದ್ದಾರೆಂದು ತಿಳಿಯಿತು. ಹೊರಡುವ ಮೊದಲು ನನಗೊಂದು ಪತ್ರ ಹಾಕಿದ್ದರು. ತಾವೀಗ ಪೂರ್ತಿಯಾಗಿ ದೇವರಿಗೆ ಸೇರಿದವರಂತೆ, ಇನ್ನು ಬಾಯಲ್ಲಿ ಸುಳ್ಳು ಬರುವುದಿಲ್ಲವಂತೆ. ಓದಿ ಮೊದಲು ನಗು ಬಂತು, ಆಮೇಲೆ ಹೆದರಿಕೆಯಾಯಿತು. ಕೆಲಸ ಹೋಗಿ ವರ್ಷಗಳಾಗಿದ್ದರೂ ದಿನಾ ಬೆಳಿಗ್ಗೆ ಶೂ ಪಾಲಿಶ್ ಮಾಡಿ, ನನ್ನ ಕೈಯಿಂದ ಊಟದ ಡಬ್ಬಿ ಕಟ್ಟಿಸಿಕೊಂಡು ಆಫೀಸಿಗೆಂದು ಹೊರಡುತ್ತಿದ್ದ ಮನುಷ್ಯ ಅವರು. ಸಂಜೆ ಬಂದು, ಇಲ್ಲದ ಮೇಲಧಿಕಾರಿ ಬೈದದ್ದನ್ನು ವರ್ಣಿಸುತ್ತಿದ್ದರು. ನಾನು ಆ ಅಧಿಕಾರಿಗೆ ಶಾಪ ಹಾಕುತ್ತಿದ್ದೆ. ಇಂಥವರು ದೇವರ ಹೆಸರೆತ್ತಿದರೆ ಏನೆಂದುಕೊಳ್ಳಲಿ?

ನಾನು ವಾರ್ಡನ್ ಆಗಿರುವ ಹಾಸ್ಟೆಲಿನವರು ಅಕ್ಟೋಬರಿನಲ್ಲಿ ನನ್ನನ್ನು ಇನ್ನೂ ದೂರದ ಶಾಖೆಗೆ ಹಾಕುತ್ತಾರೆ. ಅಲ್ಲಿ ಸಂಸಾರಸ್ಥರಿಗೆ ಮನೆ ಇದೆ, ಇಲ್ಲದವರಿಗೆ ಒಂಟಿ ಕೋಣೆ. ಯಾವುದು ಬೇಕೆಂದು ಸೆಪ್ಟೆಂಬರಿನಲ್ಲಿ ಹೇಳಬೇಕು. ಅಂದರೆ ಅವರನ್ನು ಮತ್ತೆ ಸೇರಿಸಿಕೊಳ್ಳುವುದೋ ಬಿಡುವುದೋ, ಅಷ್ಟರೊಳಗೆ ನಿರ್ಧರಿಸಬೇಕು. ಮಗಳು ಅಪ್ಪ ಯಾವಾಗ ಬರುತ್ತಾರೆಂದು ಕೇಳುವುದನ್ನು ಬಿಟ್ಟಿಲ್ಲ.

ನೀವು ಚರ್ಚಿನ ಸಭೆಯ ಹಿರಿಯರು, ಎರಡು ನಾಲಿಗೆಯವರಲ್ಲ. ಅವರ ಮೇಲೆ ಒಂದು ಕಣ್ಣಿಟ್ಟು, ಕಂಡದ್ದನ್ನು ಕಂಡ ಹಾಗೆ ನನಗೆ ತಿಳಿಸಿ. ನೀವು ಹೌದೆಂದರೆ ಹೌದು, ಅಲ್ಲವೆಂದರೆ ಅಲ್ಲ. ಅಲ್ಲಿಯ ತನಕ ನನಗೆ ಫೋನು ಮಾಡಕೂಡದು, ಬರೆಯಕೂಡದು ಎಂದು ಅವರಿಗೆ ಹೇಳಿದ್ದೇನೆ. ನೀವು ಫೋನಿನಲ್ಲಿ ಮಾತು ರೆಕಾರ್ಡ್ ಮಾಡಿ ಕಳಿಸಿ. ಇಲ್ಲಿ ಹುಡುಗಿಯರ ಗದ್ದಲ, ನಾನು ಅದರಲ್ಲೇ ಬರೆದು ಕಳಿಸುತ್ತೇನೆ.

ಜೂನ್ 5, ಮಾತಾಡಿ ಕಳಿಸಿದ್ದು

ಕೇಳಿಸ್ತಿದೆಯಾ ಅಮ್ಮಾ? ಹಾಂ, ಕೆಂಪು ಚುಕ್ಕೆ ಮಿನುಗ್ತಿದೆ, ಅಂದ್ರೆ ಹಿಡೀತಿದೆ. ನಾನು ಅಂಗಡಿ ಹಿಂದುಗಡೆ ನಿಂತಿದೀನಿ. ಇವನು ಮುಂದೆ ಕೂತು ಪ್ಯಾಂಟಿನ ಕಾಲು ಮಡಚಿ ಹೊಲೀತಿದಾನೆ. ನನ್ನ ಗಂಟಲು ದೊಡ್ಡದು, ನಿಂಗೆ ಗೊತ್ತಲ್ಲ, ಅದಕ್ಕೇ ಸ್ವಲ್ಪ ಮೆತ್ತಗೆ ಮಾತಾಡ್ತೀನಿ.

ಬಂದ. ಒಂದು ಚೀಲ, ಒಂದು ವಾರದ ಗಡ್ಡ, ಮುಖದ ತುಂಬ ಒಂಥರಾ ಸಮಾಧಾನ. ಆ ಸಮಾಧಾನ ನೋಡಿಯೇ ನಂಗೆ ಅನುಮಾನ ಶುರುವಾಯ್ತು. ತಪ್ಪು ಮಾಡಿ ಬಂದವನು ಸ್ವಲ್ಪ ಕುಗ್ಗಿರಬೇಕಲ್ವಾ? ಕೇಳಿದೆ, 'ಏನೋ, ದೇವರಿಗೆ ಪೂರ್ತಿ ಒಪ್ಪಿಸಿಬಿಟ್ಟಿದೀಯಂತೆ?' 'ಹೌದಣ್ಣ' ಅಂದ. 'ನನಗೇನಾದ್ರೂ ಉಳಿಸಿದೀಯಾ?' ಅಂದೆ. ನಕ್ಕ.

ನಾನೂ ದೇವರವನೇ ಕಣಮ್ಮ. ಬೆಳಿಗ್ಗೆ ಪ್ರಾರ್ಥನೆ ಮಾಡದೆ ಶಟರ್ ಎತ್ತಲ್ಲ, ಭಾನುವಾರ ಮುಂದಿನ ಬೆಂಚು ಬಿಟ್ಟವನಲ್ಲ. ಆದ್ರೆ ಪೂರ್ತಿ ಅನ್ನೋ ಮಾತು ನಾನು ಯಾವತ್ತೂ ಆಡಿಲ್ಲ. ಬಟ್ಟೆ ಕತ್ತರಿಸೋವಾಗಲೂ ನಾವು ಗೆರೆಗೆ ಸರಿಯಾಗಿ ಕತ್ತರಿಸ್ತೀವಾ? ಒಳಗೆ ಒಂದಿಷ್ಟು ಅಂಚು ಬಿಡ್ತೀವಿ. ನಾಳೆ ದಪ್ಪ ಆದ್ರೆ ಬಿಚ್ಚೋಕೆ ಬೇಕಲ್ಲ. ಅಂಚೇ ಬಿಡದೆ ಹೊಲಿದೆ ಅನ್ನೋನನ್ನ ಯಾವ ದರ್ಜಿ ನಂಬ್ತಾನೆ?

ನಿನ್ನೆ ಪರೀಕ್ಷೆ ಮಾಡ್ದೆ. ಲೈನಿಂಗ್ ಬಟ್ಟೆ ತರೋಕೆ ಕಳಿಸಿದೆ, ತಡವಾಗಿ ಬಂದ. 'ಯಾಕೋ ಇಷ್ಟು ಹೊತ್ತು?' ಅಂದೆ. ಅಂಗಡೀಲಿ ಜನ ಜಾಸ್ತಿ ಇದ್ರು ಅಂತ ನೆಪ ಹೇಳೇ ಹೇಳ್ತಾನೆ, ಹೋಗಿ ವಿಚಾರಿಸೋಣ ಅಂತ ನಾನು ಚಪ್ಪಲಿ ಮೆಟ್ಟಿಕೊಂಡೇ ನಿಂತಿದ್ದೆ. ಅವನು, 'ಅಂಗಡೀಲಿ ಯಾರೂ ಇರಲಿಲ್ಲ ಅಣ್ಣ. ದಾರೀಲಿ ಬೆಂಚಿನ ಮೇಲೆ ಕೂತು ಬೀದಿ ನೋಡ್ತಿದ್ದೆ' ಅಂದ. ಹೇಳು, ಯಾರಾದ್ರೂ ಹಾಗೆ ಹೇಳ್ತಾರಾ? ಆದ್ರೂ ಹೋಗಿ ವಿಚಾರಿಸ್ದೆ. ನಿಜಾನೇ, ಅಂಗಡೀಲಿ ಯಾರೂ ಇರಲಿಲ್ವಂತೆ.

ನಾಯಿ ಬಾಲಕ್ಕೆ ನಳಿಗೆ ಕಟ್ಟಿದ್ರೆ ನಳಿಗೆ ಇರೋ ತನಕ ನೆಟ್ಟಗಿರುತ್ತೆ. ಇನ್ನೂ ಸ್ವಲ್ಪ ದಿನ ನೋಡೋಣ.

ಜೂನ್ 21, ಮಾತಾಡಿ ಕಳಿಸಿದ್ದು

ಇವತ್ತು ನನ್ನ ಮಾನ ಬೀದಿಗೆ ಬಿತ್ತು ಅಮ್ಮಾ.

ಬ್ಯಾಂಡ್ ಮಾಸ್ಟರ್ ಒಬ್ರು ಇದಾರೆ. ಮೊದಲು ಅವರ ಹೊಟ್ಟೆ ಒಳಗೆ ಬರುತ್ತೆ, ಆಮೇಲೆ ಅವರು. ಬಿಳೀ ಕೋಟು ಹೊಲಿಯೋಕೆ ಕೊಟ್ಟಿದ್ರು. ಬಂದು, 'ಏನ್ರೀ, ಆಯ್ತಾ ನನ್ನ ಕೋಟು?' ಅಂದ್ರು. ನಾನು ಯಾವಾಗಿನ ಹಾಗೆ, 'ಬಟನ್ ಒಂದು ಹಾಕಿದ್ರೆ ಮುಗೀತು ಸಾರ್, ಗುರುವಾರ ಬನ್ನಿ' ಅಂದೆ. ಹೊರಟೇಬಿಟ್ಟಿದ್ರು ಪುಣ್ಯಾತ್ಮ. ಬಾಗಿಲ ಹತ್ರ ಇವನನ್ನ ನೋಡಿ, ಸುಮ್ನೆ ತಮಾಷೆಗೆ, 'ಏನಪ್ಪಾ, ಗುರುವಾರ ಗ್ಯಾರಂಟಿನಾ?' ಅಂದ್ರು. ಇವನು ಸೂಜಿ ಕೆಳಗಿಟ್ಟ. 'ಬಟ್ಟೆ ಇನ್ನೂ ಕತ್ತರಿಸಿಲ್ಲ ಸಾರ್' ಅಂದ.

ಮಾಸ್ಟರ್ ಕೆನ್ನೆ ತುತ್ತೂರಿ ಊದೋವಾಗಿನ ಹಾಗೆ ಉಬ್ಬಿತು. ಏನೇನು ಅಂದ್ರು ಅಂತ ನಿನ್ನ ಮುಂದೆ ಹೇಳಲ್ಲ.

ಅವರು ಹೋದ್ಮೇಲೆ ಹಿಡ್ಕೊಂಡೆ. 'ಲೋ, ಅದು ಸುಳ್ಳಲ್ಲ ಕಣೋ, ದರ್ಜಿ ಭಾಷೆ. ಬಟನ್ ಬಾಕಿ ಅಂದ್ರೆ ಇನ್ನೂ ಶುರುವೇ ಮಾಡಿಲ್ಲ ಅಂತ ಲೋಕಕ್ಕೆಲ್ಲ ಗೊತ್ತು.'

'ಮಾಸ್ಟರಿಗೆ ಗೊತ್ತಿರಲಿಲ್ಲ ಅಣ್ಣ.'

'ಬಾಯಿ ಮುಚ್ಕೊಂಡಿರಬಹುದಿತ್ತಲ್ಲ.'

'ನನ್ನನ್ನೇ ಕೇಳಿದ್ರು. ಒಂದು ಬಿಟ್ರೆ ಎರಡನೇದು ತಾನಾಗೇ ಬರುತ್ತೆ. ನಂಗೆ ನನ್ನ ಬಾಯಿ ಗೊತ್ತು.'

ಒಂದು ಕ್ಷಣ ಪಾಪ ಅನ್ನಿಸ್ತು, ಸುಳ್ಳು ಹೇಳಲ್ಲ. ಆಮೇಲೆ ಯೋಚನೆ ಮಾಡಿದೆ. ನಾನು ನಿಂಗೆ ವರದಿ ಕಳಿಸ್ತೀನಿ ಅಂತ ಅವನಿಗೆ ಗೊತ್ತಿದೆ. ಇದು ನಿನ್ನ ಕಿವಿಗೆ ಬೀಳಲಿ ಅಂತಾನೇ ಆಡಿದ ಆಟ ಯಾಕಿರಬಾರದು? ನನ್ನ ಗಿರಾಕಿ, ಅವನ ಸಾಕ್ಷಿ. ಖರ್ಚು ನಂದು, ಪುಣ್ಯ ಅವನದು.

ಜುಲೈ 1, ಬರೆದದ್ದು

ಭಾವನವರಿಗೆ ವಂದನೆಗಳು.

ಮಾಸ್ಟರರ ಕಥೆ ಕೇಳಿ ನಕ್ಕೆ. ಮಗಳಿಗೆ ಕೇಳಿಸಲಿಲ್ಲ, ಅವಳಿಗೆ ಆಸೆ ಹುಟ್ಟಿಸಲು ನನಗೆ ಇಷ್ಟವಿಲ್ಲ.

ನೀವು ಅನುಮಾನಿಸಿದ್ದು ಸರಿಯಾಗಿಯೇ ಇದೆ. ಮೊದಲೂ ಅವರು ಸಣ್ಣ ಸಣ್ಣ ನಿಜಗಳನ್ನು ಧಾರಾಳವಾಗಿ ಹೇಳುತ್ತಿದ್ದರು. ಹಾಲು ಉಕ್ಕಿಸಿದ್ದು ನಾನೇ ಎನ್ನುತ್ತಿದ್ದರು, ಛತ್ರಿ ಕಳೆದದ್ದು ನಾನೇ ಎನ್ನುತ್ತಿದ್ದರು. ದೊಡ್ಡದನ್ನು ಮುಚ್ಚಲು ಚಿಕ್ಕದನ್ನು ತೆರೆದಿಡುವುದು ಅವರ ರೀತಿ. ಕಣ್ಣಲ್ಲಿ ಕಣ್ಣಿಟ್ಟು ಹೇಳುತ್ತಿದ್ದರು, ಅದರಿಂದ ಏನೂ ತಿಳಿಯದು.

ಆ ದಿನ ನಿಜ ಹೇಳಿದ್ದರಿಂದ ನಷ್ಟವಾದದ್ದು ನಿಮಗೆ. ನಿಜ ಹೇಳಿದರೆ ತಮಗೇ ಪೆಟ್ಟು, ಸುಮ್ಮನಿದ್ದರೆ ಯಾರಿಗೂ ಗೊತ್ತಾಗದು ಎನ್ನುವಂಥ ದಿನ ಅವರೇನು ಮಾಡುತ್ತಾರೆ? ಅದೊಂದನ್ನು ನೋಡಿ ಹೇಳಿ. ನನಗೆ ಬೇರೇನೂ ಬೇಡ.

ಜುಲೈ 18, ಮಾತಾಡಿ ಕಳಿಸಿದ್ದು

ಇವನು ನಿಂಗೆ ಕದ್ದು ಫೋನು ಮಾಡ್ತಿಲ್ಲ ತಾನೇ? ಕೇಳೋಕೆ ಕಾರಣ ಇದೆ.

ದಿನಾ ಮಧ್ಯಾಹ್ನ ನಾನು ಊಟಕ್ಕೆ ಮೇಲೆ ಹೋದಾಗ ಇವನು ಕೆಳಗೆ ಯಾರ ಹತ್ರಾನೋ ಮಾತಾಡ್ತಾನೆ. ಮೆಟ್ಟಿಲ ಮೇಲಿಂದ ಗುನುಗುನು ಕೇಳಿಸುತ್ತೆ. ನೋಡೇಬಿಡೋಣ ಅಂತ ಇವತ್ತು, 'ಊಟಕ್ಕೆ ಹೋಗ್ತೀನಿ ಕಣೋ' ಅಂತ ಜೋರಾಗಿ ಕೂಗಿ, ಬಟ್ಟೆ ಹಾಕ್ಕೊಂಡು ನೋಡೋ ಕೋಣೆ ಇದೆಯಲ್ಲ, ಅದರ ಪರದೆ ಹಿಂದೆ ನಿಂತೆ. ಸಭೆ ಹಿರಿಯ, ಐವತ್ತು ವರ್ಷ, ಮಂಡಿ ನೋವು, ಹೊಟ್ಟೆ ಹಸಿವು. ನಗಬೇಡ.

ಇವನು ಮೆಷಿನ್ ನಿಲ್ಲಿಸಿದ. ಕಣ್ಣು ಮುಚ್ಚಿರಬೇಕು, ನಂಗೆ ಕಾಣಿಸ್ಲಿಲ್ಲ. ಶುರು ಮಾಡಿದ. 'ಅಪ್ಪಾ, ಇವತ್ತು ಕಾಲರ್ ಸರಿಯಾಗಿ ಕೂರಲೇ ಇಲ್ಲ, ಮೂರು ಸಲ ಬಿಚ್ಚಿದೆ. ಕೋಪ ಬಂತು. ಮಗಳ ಮುಖ ನೆನಪಾಯ್ತು. ಅವಳ ಅಮ್ಮನ ಹತ್ರ ನಾನು ಹೇಳಿದ ಸುಳ್ಳುಗಳಲ್ಲಿ ಇವತ್ತು ಇನ್ನೊಂದು ನೆನಪಾಯ್ತು, ಅದನ್ನೂ ಒಪ್ಕೋತೀನಿ.' ಹೀಗೇ, ಪಕ್ಕದ ಕುರ್ಚೀಲಿ ಕೂತವರ ಹತ್ರ ಹೇಳೋ ಹಾಗೆ. ಫೋನಿಲ್ಲ, ಏನಿಲ್ಲ. ನಾನು ನಲವತ್ತು ವರ್ಷದಿಂದ ಪ್ರಾರ್ಥನೆ ಮಾಡ್ತಿದೀನಿ ಅಮ್ಮಾ, ಕಾಲರ್ ವಿಷಯ ದೇವರಿಗೆ ಹೇಳ್ಬಹುದು ಅಂತ ನಂಗೆ ಹೊಳೆದೇ ಇರಲಿಲ್ಲ.

ಕೊನೇಲಿ ಅಂದ, 'ಅಪ್ಪಾ, ಅಣ್ಣ ಪರದೆ ಹಿಂದೆ ನಿಂತಿದಾನೆ. ಅವನಿಗೆ ಮಂಡಿ ನೋವು ಬೇರೆ. ಇಲ್ಲಿಗೇ ಮುಗಿಸ್ತೀನಿ.'

ಪರದೆ ಕೆಳಗೆ ನನ್ನ ಕಾಲು ಕಾಣಿಸ್ತಿತ್ತು.

ನಾನು ಹೊರಗೆ ಬಂದು, 'ಪರದೆ ಕೊಕ್ಕೆ ಸಡಿಲ ಆಗಿತ್ತು, ನೋಡ್ತಿದ್ದೆ' ಅಂದೆ. ಅವನು ಮತ್ತೆ ಮೆಷಿನ್ ತುಳಿಯೋಕೆ ಶುರು ಮಾಡಿದ.

ಹಾಗಂತ ನಂಬೋಕಾಗುತ್ತಾ? ಕಾಲು ಕಾಣಿಸಿದ್ಮೇಲೆ ಆ ಪ್ರಾರ್ಥನೆ ದೇವರಿಗೆ ಮಾಡಿದ್ದೋ, ನನ್ನ ಕಾಲಿಗೆ ಮಾಡಿದ್ದೋ? ಇನ್ನೂ ಸ್ವಲ್ಪ ದಿನ ನೋಡೋಣ.

ಆಗಸ್ಟ್ 24, ಮಾತಾಡಿ ಕಳಿಸಿದ್ದು

ತುಂಬ ದಿನ ಆಯ್ತು ಅಲ್ವಾ ಅಮ್ಮಾ, ಕೆಲಸ ಜಾಸ್ತಿ ಇತ್ತು. ಇವನ ಕೈ ಈಗ ಕೂತಿದೆ, ಬಟನ್ ಕಾಜಾ ನನಗಿಂತ ಸಣ್ಣಗೆ ಹೊಲೀತಾನೆ. ಬೆಳಿಗ್ಗೆ ನನಗಿಂತ ಮುಂಚೆ ಎದ್ದು ಟೀ ಇಡ್ತಾನೆ. ಸಂಜೆ ಶಟರ್ ಎಳೆದ ಮೇಲೆ ಇಬ್ಬರೂ ಒಂದು ಹಾಡು ಹೇಳ್ತೀವಿ, ಅವನದು ಅಪಸ್ವರ, ನಂದು ಜೋರು. ನನ್ನವಳು ತೀರಿಕೊಂಡ ಮೇಲೆ ಈ ಮನೇಲಿ ಎರಡು ತಟ್ಟೆ ತೊಳೆಯೋ ಸದ್ದು ನಾನು ಕೇಳಿರಲಿಲ್ಲ. ಒಂದು ತಟ್ಟೆಗೆ ಸದ್ದೇ ಬರಲ್ಲ, ಗೊತ್ತಾ? ತಟ್ಟೆಗೆ ತಟ್ಟೆ ತಾಗಬೇಕು. ಅದಿರಲಿ.

ನೀನು ಕೇಳಿದ್ದೆ, ಅದಕ್ಕೆ ಬರ್ತೀನಿ. ಒಂದು ವಿಷಯ ಆಗಿದೆ. ಹೇಳ್ಬೇಕೋ ಬೇಡ್ವೋ ಅಂತ ವಾರದಿಂದ ಯೋಚನೆ ಮಾಡ್ತಿದೀನಿ. ಬ್ಯಾಂಡ್ ಮಾಸ್ಟರ್ ಕೋಟು, ಅದೇ ಬಿಳೀದು, ಅಂತೂ ಇಂತೂ ಹೊಲಿದು ಮುಗಿಸಿದ್ವಿ. ಮುಗಿಸಿ ತೂಗು ಹಾಕಿದ್ವಿ. ನಾನು ಹೊರಗಡೆ ಹೋಗಿದ್ದೆ. ಬಂದು ನೋಡಿದ್ರೆ ಎಡ ತೋಳಿನ ಮೇಲೆ ಇಸ್ತ್ರಿ ಪೆಟ್ಟಿಗೆಯಷ್ಟು ಅಗಲ ಸುಟ್ಟಿದೆ. ಕಂದು ಬಣ್ಣ. ನಮ್ಮ ಇಸ್ತ್ರಿ ಪೆಟ್ಟಿಗೆ ಹಳೇದು, ಒಮ್ಮೊಮ್ಮೆ ತಾನಾಗೇ ಕಾಯುತ್ತೆ, ಅದೂ ಇರಬಹುದು. ಬಿಳೀ ಬಟ್ಟೆ ಬೇರೆ, ಬೇಗ ಹಿಡಿಯುತ್ತೆ. ಅಂಗಡೀಲಿ ಅವನೊಬ್ಬನೇ ಇದ್ದ, ಅದು ನಿಜ. ಪಕ್ಕದ ಅಂಗಡಿಯವನೂ ಆಗಾಗ ಬಂದು ಕರ್ಚೀಫು ಇಸ್ತ್ರಿ ಮಾಡ್ಕೊಂಡು ಹೋಗ್ತಾನೆ, ಅದೂ ನಿಜ. ನಾನು ಯಾರನ್ನೂ ದೂರೋನಲ್ಲ. ಕಣ್ಣಾರೆ ಕಂಡದ್ದಲ್ಲ ನೋಡು. ಏನು ಹೇಳಲಿ, ಹೇಗೆ ಹೇಳಲಿ. ಇನ್ನೂ ಸ್ವಲ್ಪ…

ಬಂದ, ಟೀ ತಂದಿದಾನೆ. ಇಡ್ತೀನಿ.

ಸೆಪ್ಟೆಂಬರ್ 3, ಬರೆದದ್ದು

ಭಾವನವರಿಗೆ ವಂದನೆಗಳು.

ನೀವು ಸುತ್ತಿ ಬಳಸಿ ಹೇಳಿದ್ದು ನನಗೆ ನೇರವಾಗಿಯೇ ಅರ್ಥವಾಯಿತು. ನಿಮ್ಮದು ಮೃದು ಮನಸ್ಸು, ಒಡಹುಟ್ಟಿದವನ ಮೇಲೆ ಹೇಗೆ ಹೇಳುತ್ತೀರಿ? ಕೋಟನ್ನು ಅವರೇ ಸುಟ್ಟು, ನನಗೆ ಗೊತ್ತಿಲ್ಲ ಎಂದಿದ್ದಾರೆ. ಪೆಟ್ಟು ತಮಗೇ ಬೀಳುವ ದಿನ ಬಂತು, ಮತ್ತೆ ಆಫೀಸಿಗೆ ಹೊರಟರು.

ನಾಳೆ ಒಂಟಿ ಕೋಣೆ ಸಾಕೆಂದು ಹೇಳಿಬಿಡುತ್ತೇನೆ. ಅಪ್ಪ ಬರುವುದಿಲ್ಲ ಎಂದು ಮಗಳಿಗೆ ಹೇಳಿದೆ. ಅತ್ತಿಲ್ಲ, ಅವಳ ಆಟದ ಮನೆಯಿಂದ ಒಂದು ಗೊಂಬೆಯನ್ನು ತೆಗೆದಿಟ್ಟಳು. ಇಷ್ಟು ದಿನ ನನಗಾಗಿ ಕಣ್ಣಿಟ್ಟು ನೋಡಿದಿರಿ, ಈ ಋಣ ದೊಡ್ಡದು.

ಸೆಪ್ಟೆಂಬರ್ 5, ಮಾತಾಡಿ ಕಳಿಸಿದ್ದು

ಅಮ್ಮಾ, ಸಿಕ್ತು ನಿನ್ನ ಪತ್ರ. ಏನಂತ ಹೇಳಲಿ. ಅವಸರ ಪಟ್ಟೆಯೇನೋ ಅನ್ನಿಸುತ್ತೆ, ಆದ್ರೆ ನಿನ್ನ ಸಂಸಾರ, ನಿನ್ನ ನಿರ್ಧಾರ, ಮಧ್ಯೆ ನಾನ್ಯಾರು. ಆದದ್ದೆಲ್ಲ ದೇವರ ಚಿತ್ತ ಅಂದ್ಕೋಬೇಕು. ನೀನು ಇವನ ಚಿಂತೆ ಬಿಡು. ನಾನಿದೀನಿ. ಮೇಲಿನ ಕೋಣೇಲಿ ಗಾಳಿ ಚೆನ್ನಾಗಿ ಬರುತ್ತೆ, ಹೊಸ ಮಂಚ ಹಾಕಿಸ್ತೀನಿ, ಕಿಟಕಿಗೆ ನೀಲಿ ಪರದೆ ಹೊಲಿದಿದೀನಿ, ಎರಡು ಪದರ, ಒಳಗಡೆ ಲೈನಿಂಗ್ ಕೊಟ್ಟು, ಬೆಳಕು ಕಣ್ಣಿಗೆ ಹೊಡೀಬಾರದು ಅಂತ. ಅಂಗಡಿ ಬೋರ್ಡಿಗೆ 'ಮತ್ತು ತಮ್ಮ' ಅಂತ ಸೇರಿಸೋಣ ಅಂತಾನೂ ಯೋಚನೆ ಇದೆ. ಅವನಿಗೆ ನೀನು ಬರೆದದ್ದು ಹೇಳಿಲ್ಲ. ಸಮಯ ನೋಡಿ ನಾನೇ ಹೇಳ್ತೀನಿ, ನೀನು ಬರೆಯೋಕೆ ಹೋಗಬೇಡ. ಕೋಟಿನ ವಿಷಯ ಮತ್ತೆ ಎತ್ತೋದೂ ಬೇಡ. ಮಗೂಗೆ ನನ್ನ ಮುದ್ದು ಹೇಳು.

ಸೆಪ್ಟೆಂಬರ್ 9, ಬರೆದದ್ದು

ಭಾವ,

ನಾನು ಸುಳ್ಳಿನ ಜೊತೆ ಸಂಸಾರ ಮಾಡಿದವಳು. ಅದರ ಕಾಲ ಸಪ್ಪಳ ನನಗೆ ಗೊತ್ತು. ನಿಮ್ಮ ತಮ್ಮ ಆಫೀಸಿನ ಕಥೆ ಹೇಳುವಾಗ ಕುರ್ಚಿಯ ಬಣ್ಣ, ಫ್ಯಾನಿನ ಸದ್ದು, ಅಧಿಕಾರಿಯ ಕೆಮ್ಮು ಎಲ್ಲ ಬರುತ್ತಿತ್ತು. ಕೇಳದೇ ಇದ್ದದ್ದನ್ನೆಲ್ಲ ಹೇಳುತ್ತಿದ್ದರು. ನಿಮ್ಮ ಮಾತನ್ನು ಇವತ್ತು ಮತ್ತೆ ಮತ್ತೆ ಕೇಳಿದೆ. ಸುಳ್ಳುಗಾರನೆಂದು ನೀವೇ ಅನುಮಾನಿಸುವ ಮನುಷ್ಯನಿಗೆ ಎರಡು ಪದರದ ಪರದೆ ಯಾಕೆ? ಬೋರ್ಡಿನಲ್ಲಿ ಹೆಸರು ಯಾಕೆ?

ಎರಡೇ ಪ್ರಶ್ನೆ. ಕೋಟು ಸುಟ್ಟವರು ಯಾರು? ನಿಮಗೆ ಅದನ್ನು ಹೇಳಿದವರು ಯಾರು?

ಇಸ್ತ್ರಿ ಪೆಟ್ಟಿಗೆಯ ವಿಚಾರ ಬೇಡ.

ಸೆಪ್ಟೆಂಬರ್ 10, ಮಾತಾಡಿ ಕಳಿಸಿದ್ದು

ಸುಟ್ಟವನು ಅವನೇ. ಹೇಳಿದವನೂ ಅವನೇ.

ಮೂರು ಸಲ ಮಾತಾಡಿ ಅಳಿಸಿದೆ, ಇದು ನಾಲ್ಕನೇದು.

ನಾನು ಬಾಗಿಲಿಗೆ ಬರ್ತಿದ್ದ ಹಾಗೇ ಕೋಟು ಕೈಯಲ್ಲಿ ಹಿಡ್ಕೊಂಡು ಎದುರಿಗೆ ಬಂದ. 'ಅಣ್ಣ, ಬೇರೆ ಕಡೆ ನೋಡ್ತಾ ಇಸ್ತ್ರಿ ಇಟ್ಟುಬಿಟ್ಟೆ. ಇದು ನನ್ನ ತಪ್ಪು' ಅಂದ. ನಾನು, 'ಹೋಗ್ಲಿ, ಕರೆಂಟು ಏರುಪೇರಾಯ್ತು ಅಂದ್ಬಿಡೋಣ, ಮಾಸ್ಟರಿಗೇನು ಗೊತ್ತಾಗುತ್ತೆ' ಅಂದೆ. ಹೌದು, ನಾನೇ ಅಂದೆ. ಅವನು ಒಪ್ಪಲಿಲ್ಲ. ಕೋಟು ಮಡಚಿ ಕಂಕುಳಲ್ಲಿ ಇಟ್ಕೊಂಡು ಅವರು ಅಭ್ಯಾಸ ಮಾಡೋ ಜಾಗಕ್ಕೇ ನಡ್ಕೊಂಡು ಹೋದ. ಅಷ್ಟು ಜನ ತಮಟೆ ತುತ್ತೂರಿಯವರ ಮುಂದೆ ಮಾಸ್ಟರ್ ಇವನ ಜನ್ಮ ಜಾಲಾಡಿದ್ರಂತೆ. ನಿಂತು ಕೇಳಿಸ್ಕೊಂಡು ಬಂದು, ರಾತ್ರಿ ಹಗಲು ಕೂತು ಹೊಸ ತೋಳು ಹೊಲಿದ.

ನೀನು ಯಾವುದನ್ನ ನೋಡಿ ಹೇಳಿ ಅಂದಿದ್ಯೋ, ಅದೇ ನನ್ನ ಕಣ್ಣ ಮುಂದೆ ನಡೀತು. ನಾನು ಹೇಳಲಿಲ್ಲ.

ಅವನು ಒಂದೇ ಸಲ ಕೇಳಿದ್ದ. 'ಇದನ್ನ ಅವಳಿಗೆ ಹೇಳ್ತೀಯಾ ಅಣ್ಣ?' ಅಂತ. 'ಹೇಳ್ತೀನಿ' ಅಂದೆ. ಅವನು ಮತ್ತೆ ಕೇಳಲಿಲ್ಲ. ಅವನು ಲೈನಿಂಗ್ ತಂದ ಅಂಗಡಿಗೆ ನಾನು ಹೋಗಿ ವಿಚಾರಿಸಿದವನು, ಪರದೆ ಹಿಂದೆ ನಿಂತವನು. ನಾನು ಹೇಳಿದ ಒಂದು ಮಾತನ್ನೂ ಅವನು ಪರೀಕ್ಷೆ ಮಾಡಲಿಲ್ಲ.

ಯಾಕೆ ಅಂತ ಕೇಳ್ತೀಯಲ್ಲ. ಶುರುವಿನಲ್ಲಿ ಅನುಮಾನ ನಿಜವಾಗ್ಲೂ ಇತ್ತಮ್ಮಾ. ಆಮೇಲೆ ಅದು ಯಾವಾಗ ಖಾಲಿ ಆಯ್ತೋ ನಂಗೇ ಗೊತ್ತಾಗಲಿಲ್ಲ. ಖಾಲಿ ಆದ್ಮೇಲೂ ನಾನೇ ತುಂಬಿಸ್ತಾ ಇದ್ದೆ. ನಾನು ಹೌದು ಅಂದ ದಿನ ಅವನು ಹೊರಡ್ತಾನೆ. ಅವನು ಪೂರ್ತಿ ದೇವರವನು, ಆಮೇಲೆ ನಿನ್ನವನು, ಮಗಳವನು. ನಂಗೆ ಒಂದು ಚೂರು ಅಂಚು ಬೇಕಿತ್ತು.

ಅವನು ಮಾತ್ರ ಶುದ್ಧ ಇದಾನೆ. ನನ್ನ ಮಾತಿಗೆ ಇನ್ನೂ ಬೆಲೆ ಇದ್ರೆ, ಹೌದು. ಸಾವಿರ ಸಲ ಹೌದು.

ಸೆಪ್ಟೆಂಬರ್ 14, ಬರೆದದ್ದು

ಭಾವ,

ನಾಲ್ಕು ದಿನ ಬರೆಯಲು ಕೈ ಬರಲಿಲ್ಲ. ಇವತ್ತು ಹಾಸ್ಟೆಲ್ ಆಫೀಸಿಗೆ ಹೋಗಿ, ಒಂಟಿ ಕೋಣೆ ಬೇಡ, ಮನೆ ಕೊಡಿ ಎಂದೆ. ಮನೆಯನ್ನು ಆಗಲೇ ಅಡುಗೆಯವರ ಸಂಸಾರಕ್ಕೆ ಕೊಟ್ಟಾಗಿದೆ. ಕೋಣೆಯೊಂದೇ ಉಳಿದಿರುವುದು. ಅದರಲ್ಲಿ ಒಂದು ಮಂಚ, ಒಂದು ಕಿಟಕಿ.

ಅವರನ್ನು ಈಗಲೇ ಇಲ್ಲಿಗೆ ಕಳಿಸಿ, ಸಾಮಾನು ಕಟ್ಟಿ ಜೊತೆಗೇ ಹೊಸ ಜಾಗಕ್ಕೆ ಹೊರಡುತ್ತೇವೆ. ಒಂದೇ ಕೋಣೆಯಲ್ಲಿ ಮೂವರು ಇರುತ್ತೇವೆ. ಅಲ್ಲಿ ಯಾರೂ ಯಾರಿಂದಲೂ ಏನನ್ನೂ ಮುಚ್ಚಿಡಲು ಜಾಗವಿಲ್ಲ, ಅದೇ ಒಳ್ಳೆಯದು. ನನಗೆ ನಂಬಿಕೆ ಬಂದಿದೆ ಎಂದಲ್ಲ. ಬಾಗಿಲು ತೆರೆಯುವಷ್ಟು ಬಂದಿದೆ.

ನಿಮ್ಮ ಮೇಲೆ ಕೋಪವಿದೆ, ಸುಮ್ಮನೆ ಇಲ್ಲವೆನ್ನಲಾರೆ. ಇಷ್ಟು ತಡವಾದದ್ದು ಯಾಕೆಂದು ಅವರಿಗೆ ನಾನು ಹೇಳುವುದಿಲ್ಲ. ಬಸ್ಸು ಹತ್ತಿಸುವ ಮೊದಲು ನೀವೇ ಹೇಳಬೇಕು.

ಸೆಪ್ಟೆಂಬರ್ 20, ಮಾತಾಡಿ ಕಳಿಸಿದ್ದು

ಹತ್ತಿಸಿದೆ ಅಮ್ಮಾ. ಸಂಜೆಯೊಳಗೆ ತಲುಪ್ತಾನೆ.

ಹೇಳಿದೆ, ಎಲ್ಲಾನೂ ಹೇಳಿದೆ. ಮೊನ್ನೆ ಮಧ್ಯಾಹ್ನ. ಕಾಜಾ ಹೊಲೀತಿದ್ದ, ಕೈ ನಿಂತುಹೋಯ್ತು. ಮಗಳು ಗೊಂಬೆ ತೆಗೆದಿಟ್ಟಿದ್ದೂ ಹೇಳಿದೆ, ಮುಚ್ಚಿಡಬಾರದು ಅಂತ. ಆಗ ಗೋಡೆ ಕಡೆ ತಿರುಗಿ ಕೂತ. ನಂಗೆ ತಡೆಯೋಕಾಗಲಿಲ್ಲ. 'ಪರವಾಗಿಲ್ಲ ಅಣ್ಣ ಅಂತಾದ್ರೂ ಒಂದು ಮಾತು ಅನ್ನೋ' ಅಂದೆ.

'ಅಂದ್ರೆ ಸುಳ್ಳಾಗುತ್ತೆ' ಅಂದ.

ಆಮೇಲೆ ಹ್ಯಾಗೋ ಅಂದ, 'ಕ್ಷಮಿಸಬೇಕು ಅಂತ ಗೊತ್ತು ಅಣ್ಣ. ಆ ಮನಸ್ಸು ಕೊಡಪ್ಪಾ ಅಂತ ದೇವರನ್ನ ಕೇಳ್ತಾನೇ ಇದೀನಿ. ಇನ್ನೂ ಬಂದಿಲ್ಲ. ಬಂದ ದಿನ ಹೇಳ್ತೀನಿ.'

ಅವತ್ತು ಸಂಜೆ ಊಟಕ್ಕೆ ಮುಂಚೆ ಪ್ರಾರ್ಥನೆ ಅವನದೇ ಸರದಿ. ನನ್ನ ಹೆಸರು ಬಂದಾಗ ನಿಲ್ಲಿಸಿದ. ಎಷ್ಟು ಹೊತ್ತು ನಿಲ್ಲಿಸಿದ ಅಂದ್ರೆ ಊಟ ತಣ್ಣಗಾಯ್ತು. ಆಮೇಲೆ 'ಆಮೆನ್' ಅಂದ, ಅಷ್ಟೇ.

ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತ. ಎಲ್ಲರೂ 'ಹೋಗಿ ಬರ್ತೀನಿ' ಅಂತಾರಲ್ಲ, ಅದನ್ನೂ ಅನ್ನಲಿಲ್ಲ ಅವನು. ಬರ್ತಾನೋ ಇಲ್ವೋ ಅವನಿಗೇ ಇನ್ನೂ ಗೊತ್ತಿಲ್ಲವಲ್ಲ. 'ಹೊರಟೆ ಅಣ್ಣ' ಅಂದ.

ಬೇರೆ ಯಾರಾದ್ರೂ ಆಗಿದ್ರೆ ಅಲ್ಲೇ ಬಾಯಿಮಾತಿಗೆ ಕ್ಷಮಿಸಿ ಹೋಗ್ತಿದ್ರು. ನಾನೂ ನಂಬಿದ ಹಾಗೆ ಮಾಡಿ ಮನೆಗೆ ಬಂದು ಮಲಗ್ತಿದ್ದೆ.

ಒಂದೇ ಒಂದು ಕೇಳ್ಕೋತೀನಿ ಅಮ್ಮಾ. ಅಣ್ಣನಿಗೆ ಒಂದು ಫೋನು ಮಾಡ್ರಿ ಅಂತ ನೀನು ಅವನಿಗೆ ಹೇಳಬೇಡ. ವರ್ಷ ಆಗಲಿ, ಎಷ್ಟೇ ಆಗಲಿ. ಅವನ ಬಾಯಿಂದ ಆ ಮಾತು ಬಂದ ದಿನ ಅದು ನಿಜ ಇರುತ್ತೆ, ನಾನು ಹೋಗಿ ಯಾರನ್ನೂ ವಿಚಾರಿಸಬೇಕಾಗಿಲ್ಲ.